ಕರಣಿ ಒಣಗುವ ಮುಂಚೆ

ಮಳೆಗಾಲದಲ್ಲಿ ಚಿಂಚೋಳಿಯ ಕೆಂಪು ಮಣ್ಣು ಕಾಲಿಗೆ ಹತ್ತಿತೆಂದರೆ ಸುಲಭಕ್ಕೆ ಬಿಡದು. ಬಾಗಿಲ ಮುಂದಿನ ಶಹಾಬಾದಿ ಪರಸಿಯ ಮೇಲೆ ನಿಂತು, ಚರಿಗೆಯ ನೀರು ಸುರಿದುಕೊಂಡು, ಒಂದು ಪಾದದಿಂದ ಇನ್ನೊಂದನ್ನು ತಿಕ್ಕಬೇಕು. “ಕಾಲ ತೊಳಕೊಂಡು ಒಳಗ ಬಾ” ಎನ್ನದ ಅವ್ವ ನಮ್ಮ ಕಡೆ ಇಲ್ಲ. ಕೆಸರಿಗೆ ಇಷ್ಟು ನಿಷ್ಠುರರಾದ ನಾವು, ಮನಸ್ಸಿಗೆ ಹತ್ತಿದ್ದನ್ನು ಹೊತ್ತುಕೊಂಡೇ ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರುತ್ತೇವೆ.

ಪಾಪ ತೊಳೆಯುವ ಮಾತನ್ನು ಈ ಸೀಮೆಯಲ್ಲಿ ಎಚ್ಚರದಿಂದ ಆಡಬೇಕು. ಇಲ್ಲಿನ ಎಷ್ಟೋ ಕ್ರೈಸ್ತ ಕುಟುಂಬಗಳ ಹಿರಿಯರು ಮೈಲಿಗೆಯವರೆನಿಸಿಕೊಂಡು ಊರಾಚೆ ಬದುಕಿದವರು, ಬೊಗಸೆಗೆ ಮೇಲಿನಿಂದ ಸುರಿದ ನೀರು ಕುಡಿದವರು. ಆ ಮೈಲಿಗೆ ಪಾಪವಲ್ಲ, ಅದನ್ನು ಅವರ ಮೇಲೆ ಹೊರಿಸಿದ್ದು ಪಾಪ. ಮನುಷ್ಯನನ್ನು ಹೊಲೆಮಾಡುವುದು ಅವನ ಹೃದಯದೊಳಗಿಂದ ಹೊರಡುವ ದುರಾಲೋಚನೆಯೇ ಎಂದು ಯೇಸುಸ್ವಾಮಿ ಹೇಳಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಹೇಳಿದಾತನೇ ಕಡೆಯ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ. ಪೇತ್ರ ಕಾಲು ಹಿಂದೆಳೆದುಕೊಂಡ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲವೆಂದಾಗ ಒಪ್ಪಿದ. ಇನ್ನೊಬ್ಬರ ಮುಂದೆ ಕೆಸರುಗಾಲು ಚಾಚುವುದು ಅಷ್ಟು ಕಷ್ಟ.

ನಮ್ಮ ಸಭೆಯಲ್ಲೊಬ್ಬ ಹಿರಿಯ ಗೌಂಡಿ ಇದ್ದರು. ಎಷ್ಟೇ ದಣಿದಿದ್ದರೂ ಸಂಜೆ ಕರಣಿ ತೊಳೆಯದೆ ಮನೆಗೆ ಹೊರಟವರಲ್ಲ. ಹಿಡಿಕೆಯ ಬುಡದಲ್ಲಿ ಕೂತ ಸಿಮೆಂಟನ್ನು ಬೆರಳುಗುರಿನಿಂದ ಕೆರೆಯುತ್ತ ಹೇಳುತ್ತಿದ್ದರು: “ಈಗ ನೀರು ಸಾಕು, ನಾಳಿಗೆ ಉಳಿ ಬೇಕಾಗ್ತದ.”

ಅರಸ ದಾವೀದ ತನ್ನ ಪಾಪವನ್ನು ಆ ನಾಳೆಗೆ ಬಿಟ್ಟವನು. ಊರೀಯನನ್ನು ಕೊಲ್ಲಿಸಿ, ಅವನ ಹೆಂಡತಿಯನ್ನು ಮನೆಗೆ ತಂದು, ಮಗು ಹುಟ್ಟುವವರೆಗೂ ಬಾಯಿ ಬಿಡಲಿಲ್ಲ. ಪ್ರವಾದಿ ನಾತಾನ ಬಂದು ಎದುರಿಗೇ ಹೇಳಬೇಕಾಯಿತು. ಕೀರ್ತನೆ 51 ಆ ಪಶ್ಚಾತ್ತಾಪದ್ದೆಂದು ಅದರ ತಲೆಬರಹವೇ ಹೇಳುತ್ತದೆ. ಅಲ್ಲಿ ಅರಸ ತನ್ನನ್ನು ತಾನು ತೊಳೆದುಕೊಳ್ಳುತ್ತೇನೆ ಎನ್ನುವುದಿಲ್ಲ, ನೀನು ತೊಳೆ ಎಂದು ದೇವರನ್ನು ಬೇಡುತ್ತಾನೆ. ಕ್ರೈಸ್ತ ನಂಬಿಕೆಯ ತಿರುಳು ಇಷ್ಟೇ ಎನ್ನುತ್ತೇನೆ ನಾನು: ಕೊಳೆ ನಮ್ಮದು, ತೊಳೆಯುವ ಕೃಪೆ ಶಿಲುಬೆಯದು.

ಕಥೋಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತಾರೆ. ಮೆಥೋಡಿಸ್ಟ್ ಸಭೆಯಲ್ಲಿ ಪ್ರಭುಭೋಜನಕ್ಕೆ ಮುಂಚೆ ಎಲ್ಲರೂ ಒಂದೇ ದನಿಯಲ್ಲಿ ಅರಿಕೆ ಮಾಡುತ್ತೇವೆ. ಆ ಗುಂಪಿನ ದನಿಯಲ್ಲಿ ನಾನು ಎಷ್ಟೋ ವರ್ಷ ಅಡಗಿಕೊಂಡಿದ್ದೆ. ಹೊಲದ ಬದುವಿನ ಜಗಳದಲ್ಲಿ ತಮ್ಮನಿಗೆ ಅನ್ನಬಾರದ ಮಾತು ಅಂದಿದ್ದೆ. ದೇವರಿಗೆ ಹೇಳಿದ್ದೆ, ಅವನಿಗೆ ಹೇಳಿರಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಒಂದಾಗೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದ್ದು ನನಗೆ ಬಾಯಿಪಾಠವಿತ್ತು. ಕಡೆಗೊಂದು ಬೆಳಿಗ್ಗೆ ಅವನ ಮನೆಗೆ ಹೋದೆ. ಅವನು ಏನೂ ಅನ್ನಲಿಲ್ಲ, ಕಾಲಿಗೆ ನೀರು ತಂದಿಟ್ಟ.

ನಿಮಗೂ ಅಂಥದೊಂದು ಮನೆ ಇದ್ದರೆ, ಇವತ್ತು ಬಿಸಿಲೇರುವ ಮುಂಚೆ ಹೋಗಿ ಬನ್ನಿ.