ಗರಿಯಡಿಯ ಎರಡು ತೂತು

ತೆಂಗಿನ ಗರಿಗೆ ಮಸಿ ಬಳಿದಂತೆ ಕಪ್ಪು ಬೂಷ್ಟು ಹಿಡಿದಿದ್ದರೆ ಯಗಟಿ ಸುತ್ತಿನ ತೋಟದವರು ಅದರ ಮೇಲಿನ ಗರಿಯ ಅಡಿಭಾಗ ನೋಡಬೇಕು. ಕಾರಣ ಅಲ್ಲಿದೆ. 2016ರಲ್ಲಿ ಪೊಳ್ಳಾಚಿಯಲ್ಲಿ ಪತ್ತೆಯಾಗಿ ಕರ್ನಾಟಕದ ತೆಂಗಿನ ಸೀಮೆಗೂ ಹಬ್ಬಿದ ಸುರುಳಿ ಬಿಳಿನೊಣ ಅಲ್ಲಿ ಸುರುಳಿ ಸುತ್ತಿ ಮೊಟ್ಟೆಯಿಡುತ್ತದೆ. ರಸ ಹೀರಿ ಅದು ಸುರಿಸುವ ಸಿಹಿ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಬರಿಗಣ್ಣಿಗೆ ಕಾಣುವುದು ಬಿಳಿ ಪುಡಿ, ಅಷ್ಟೇ.

ಫೋನಿಗೊಂದು ಕ್ಲಿಪ್ ಲೆನ್ಸ್ ಸಿಕ್ಕಿಸಿ ಎರಡು-ಮೂರು ಸೆಂಟಿಮೀಟರ್ ಹತ್ತಿರಕ್ಕೆ ಒಯ್ದರೆ ಆ ಪುಡಿ ಬಿಡಿಬಿಡಿ ಜೀವಗಳಾಗುತ್ತದೆ. ಇಷ್ಟು ಹತ್ತಿರದಲ್ಲಿ ಫೋಕಸ್ಸಿಗೆ ಸಿಗುವುದು ತೀರಾ ತೆಳು ಪದರ. ಮರಿಯ ಬೆನ್ನು ಸ್ಪಷ್ಟವಾದರೆ ಅಂಚು ಮಸುಕು. ಹಾಗಾಗಿ ನಾಲ್ಕಾರು ಫೋಟೊ ತೆಗೆದು ಖಾಲಿ ಕೋಶಗಳನ್ನು ಹುಡುಕಬೇಕು. ಕೆಲವುಗಳ ಬೆನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸೀಳಿರುತ್ತದೆ: ಬಿಳಿನೊಣ ಬೆಳೆದು ಹೊರಬಿದ್ದ ದಾರಿ ಅದು. ಇನ್ನು ಕೆಲವುಗಳಲ್ಲಿ ಗುಂಡಗಿನ ತೂತು. ಅಲ್ಲಿಂದ ಹೊರಬಂದದ್ದು ಎನ್ಕಾರ್ಸಿಯಾ ಗ್ವಾಡಲೂಪೆ ಎಂಬ, ಒಂದು ಮಿಲಿಮೀಟರಿಗಿಂತಲೂ ಚಿಕ್ಕ ಕಣಜ. ತಾಯಿ ಕಣಜ ಬಿಳಿನೊಣದ ಮರಿಯಲ್ಲಿ ಮೊಟ್ಟೆಯಿಟ್ಟಿತ್ತು. ಹುಟ್ಟಿದ ಹುಳು ಆ ಮರಿಯನ್ನೇ ತಿಂದು ಬೆಳೆಯಿತು.

ಇಂಥ ಕಣಜವನ್ನು ಸೃಷ್ಟಿಸಿದವರು ಯಾರು, ಏಕೆ?

17ನೇ ಶತಮಾನದ ಹಾಲೆಂಡಿನ ಯಾನ್ ಸ್ವಾಮರ್ಡಾಮ್ ಸೂಕ್ಷ್ಮದರ್ಶಕದಡಿ ಹೇನಿನ ಒಡಲು ಬಿಡಿಸಿ ನೋಡಿ ಅಲ್ಲಿ ದೇವರ ಕೈಯನ್ನೇ ಕಂಡ. ಡಾರ್ವಿನ್ನಿಗೆ ಹಾಗೆ ಕಾಣಲಿಲ್ಲ. ಜೀವಂತ ಕಂಬಳಿಹುಳುವಿನೊಳಗೆ ಮೇಯುವ ಕಣಜವನ್ನು ಕರುಣಾಳು ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆ ಎಂಬರ್ಥದಲ್ಲಿ ಅವನು 1860ರಲ್ಲಿ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಪತ್ರ ಬರೆದ.

ಪಕ್ಕದ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಬಾಳಿಬಂದ ಜೈನ ಪರಂಪರೆ ಈ ಪ್ರಶ್ನೆಯನ್ನು ನೋಡುವವನ ಕಡೆಗೇ ತಿರುಗಿಸುತ್ತದೆ. ಅಲ್ಲಿ ಸೃಷ್ಟಿಕರ್ತನಿಲ್ಲ, ಕಣಜದ ಪರವಾಗಿ ಉತ್ತರ ಹೇಳಬೇಕಾದ ದೇವರೂ ಇಲ್ಲ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಏರಿಸುತ್ತದೆ: ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಮುಂದಿನ ನೆಲ ನೋಡಿ ಕಾಲಿಡುವ ಈರ್ಯಾಸಮಿತಿಯಿದೆ, ಅನ್ನ ನೀರನ್ನು ನೋಡಿಯೇ ಬಾಯಿಗಿಡುವ ಆಲೋಕಿತ ಪಾನಭೋಜನವಿದೆ. ನೋಡುವುದೇ ಇಲ್ಲಿ ವ್ರತದ ಭಾಗ. ಮ್ಯಾಕ್ರೋ ಫೋಟೊಗ್ರಫಿಗೆ ಇದಕ್ಕಿಂತ ಘನವಾದ ಸಮರ್ಥನೆ ಬೇರೆಲ್ಲೂ ಸಿಗಲಾರದು.

ಬೇಸಾಯ ಮಾಡುವವನು ಮುನಿಯಲ್ಲ, ನಿಜ. ಗೃಹಸ್ಥನು ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಬಿಡಬೇಕು. ದುಡಿಮೆಯಲ್ಲಿ ತಪ್ಪಿಸಲಾಗದ ಉದ್ಯೋಗಿ ಹಿಂಸೆಗೆ ವಿನಾಯಿತಿ ಉಂಟು. ಆದರೆ ತಪ್ಪಿಸಲಾಗದ್ದು ಯಾವುದೆಂದು ಗರಿಯಡಿ ನೋಡದೆ ತಿಳಿಯುವುದು ಹೇಗೆ? ಕೀಟನಾಶಕ ಹೊಡೆದರೆ ಕಣಜವೂ ಸಾಯುತ್ತದೆ, ಅದಿಲ್ಲದ ತೋಟದಲ್ಲಿ ಬಿಳಿನೊಣ ಮತ್ತೆ ಹೆಚ್ಚುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಯೂ ಕೀಟನಾಶಕ ಬಿಟ್ಟು ಈ ಕಣಜವನ್ನು ಉಳಿಸಿಕೊಳ್ಳಿ ಎಂಬುದೇ. ಗುಂಡು ತೂತುಗಳು ತುಂಬಿರುವ ಗರಿಗೆ ಔಷಧಿ ಹೊಡೆಸಿದರೆ ಆ ಹಿಂಸೆ ವಿನಾಯಿತಿಯ ಲೆಕ್ಕಕ್ಕೆ ಬರಲಾರದು.

ಫೋಟೊ ತೆಗೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೀಟ ಅಲುಗಾಡದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ಅದರಲ್ಲಿ ಹೊಟ್ಟೆಪಾಡೂ ಇಲ್ಲ, ಬೆಳೆ ಉಳಿಸುವ ಸಂಕಟವೂ ಇಲ್ಲ. ಬೆಳಗಿನ ತಂಪಿನಲ್ಲಿ ತೋಟಕ್ಕೆ ಹೋದರೆ ಕೀಟಗಳು ತಾವಾಗಿಯೇ ಮಂದವಾಗಿರುತ್ತವೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ.