ಅಣೆಕಟ್ಟಿನ ಮೇಲಣ ಹೆಸರು

ಬೀದಿಗೋ ಸೇತುವೆಗೋ ಕೆರೆಗೋ ಒಬ್ಬ ಮನುಷ್ಯನ ಹೆಸರನ್ನಿಡುವುದು ಅಲ್ಪವಾದ ಕಾರ್ಯವೆಂದು ತೋರಬಹುದು. ಕಲ್ಲಿನ ಮೇಲೆ ನಾಲ್ಕು ಅಕ್ಷರಗಳನ್ನು ಕೆತ್ತಿದ ಮಾತ್ರಕ್ಕೆ ಕಾಲುವೆಯ ನೀರು ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಆದರೂ ಆ ಅಕ್ಷರಗಳ ಮೂಲಕ ಒಂದು ನಾಡಿನ ಜನರು ತಾವು ಯಾರಿಗೆ ಋಣಿಗಳೆಂಬುದನ್ನು ಮುಂದಿನ ತಲೆಮಾರಿಗೆ ತಿಳಿಸಿಹೋಗುತ್ತಾರೆ. ಹೆಸರು ಪಡೆದವನು ನಾಡನ್ನು ಗೆದ್ದವರ ಸೈನ್ಯಕ್ಕೆ ಸೇರಿದ ಇಂಜನಿಯರಾಗಿದ್ದರೆ ವಿಚಾರವು ತೊಡಕಾಗುತ್ತದೆ. ಗೆದ್ದವರ ಸೇವಕನಿಗೆ ಸೋತ ನಾಡು ಮನಃಪೂರ್ವಕವಾಗಿ ಕೃತಜ್ಞತೆಯನ್ನು ಸಲ್ಲಿಸಬಹುದೆ? ಸಲ್ಲಿಸಿದರೆ ಅದು ಧರ್ಮವೋ, ದಾಸ್ಯದ ಅಭ್ಯಾಸವೋ?

ಗೋದಾವರೀತೀರದ ಧವಳೇಶ್ವರದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವು ನಿಂತಿದೆ. ಆರ್ಥರ್ ಕಾಟನ್ ಎಂಬಾತನು 1819ರಲ್ಲಿ ಮದ್ರಾಸಿನ ಇಂಜನಿಯರ್ ದಳವನ್ನು ಸೇರಿದನು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದವರಲ್ಲಿ ಆ ದಳದವರೂ ಇದ್ದರು. ಕಾಟನ್ನನು ತಾನೂ ಮೊದಲನೆಯ ಬರ್ಮಾ ಯುದ್ಧದಲ್ಲಿ ಭಾಗಿಯಾಗಿದ್ದನು. 1833ರ ಘೋರ ಕ್ಷಾಮದಲ್ಲಿ ತೆಲುಗು ಕರಾವಳಿಯ ಜನರು ಅಸಂಖ್ಯರಾಗಿ ಮಡಿದರು. ತುಂಬಿದ ನದಿಯು ಮಾತ್ರ ವರ್ಷವರ್ಷವೂ ಸಮುದ್ರವನ್ನು ಸೇರುತ್ತಲೇ ಇದ್ದಿತು. ಈ ವಿಪರೀತವನ್ನು ಸರ್ಕಾರಕ್ಕೆ ಮನಗಾಣಿಸಿ, 1847ರಿಂದ 1852ರವರೆಗೆ ಆತನು ಅಲ್ಲಿ ಅಣೆಯನ್ನು ಕಟ್ಟಿಸಿದನು. ಕ್ಷಾಮದ ಸೀಮೆಯು ಬತ್ತದ ಕಣಜವಾಯಿತು. ಆ ಅಣೆಯು ಹಳತಾದ ಮೇಲೆ, ಸ್ವತಂತ್ರ ಭಾರತದಲ್ಲಿ, 1970ರ ದಶಕದಲ್ಲಿ ಆರಂಭಿಸಿ ಮುಂದಿನ ದಶಕದಲ್ಲಿ ಮುಗಿಸಿದ ಹೊಸ ಕಟ್ಟೆಗೂ ಕಾಟನ್ನನ ಹೆಸರನ್ನೇ ಇಡಲಾಯಿತು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಕಂಪನಿಯು ಹಣ ಕೊಟ್ಟದ್ದು ಕೇವಲ ಕರುಣೆಯಿಂದಲ್ಲ. ನೀರು ಹರಿದ ನೆಲದಿಂದ ಕಂದಾಯವು ಹೆಚ್ಚುವುದೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಕಾಟನ್ನನೂ ಲಾಭದ ಮಾತನ್ನಾಡಿಯೇ ಸರ್ಕಾರವನ್ನು ಒಪ್ಪಿಸಬೇಕಾಯಿತು. ಆದರೆ ಉದ್ದೇಶವು ಪೂರ್ಣ ನಿರ್ಮಲವಾಗಿದ್ದರೆ ಮಾತ್ರ ಉಪಕಾರವನ್ನು ಸ್ಮರಿಸಬೇಕೆಂದು ಹೊರಟರೆ ಲೋಕದಲ್ಲಿ ಸ್ಮರಣೀಯರಾರೂ ಉಳಿಯಲಾರರು. ಕೀರ್ತಿಗಾಗಿ ಕೆರೆ ಕಟ್ಟಿಸಿದ ಅರಸರೂ ಪುಣ್ಯದ ಲೋಭದಿಂದ ಛತ್ರವಿಟ್ಟ ಶ್ರೇಷ್ಠಿಗಳೂ ಆ ಪಟ್ಟಿಯಿಂದ ಹೊರಬೀಳುವರು. ಒಬ್ಬನ ಅಂತರಂಗವನ್ನು ಅಳೆಯಲು ಬಾಯಾರಿದವನಿಗೆ ಅಧಿಕಾರವಿಲ್ಲ. ಕುಡಿದ ನೀರನ್ನು ಕುಡಿದೆನೆಂದು ಒಪ್ಪಿಕೊಳ್ಳುವುದಷ್ಟೇ ಅವನ ಧರ್ಮ. ಹಾಗೆ ಒಪ್ಪಿಕೊಂಡ ಮಾತ್ರಕ್ಕೆ ಕಂಪನಿಯ ಆಳ್ವಿಕೆಯ ದೋಷಗಳನ್ನು ಮನ್ನಿಸಿದಂತಾಗುವುದಿಲ್ಲ. ಕೃತಜ್ಞತೆಯು ಬೇರೆ, ಕ್ಷಮಾಪತ್ರವು ಬೇರೆ.

ಹೆಸರನ್ನು ಯಾರು, ಯಾವಾಗ ಕೊಟ್ಟರೆಂಬುದೂ ಮುಖ್ಯವಾದುದು. ಅಧಿಕಾರದಲ್ಲಿರುವವನಿಗೆ ಆಶ್ರಿತರು ಸಲ್ಲಿಸುವ ನಾಮಕರಣವು ಸ್ತುತಿಪಾಠಕ್ಕಿಂತ ಮೇಲಲ್ಲ. ಧವಳೇಶ್ವರದಲ್ಲಾದರೋ, ಹೆಸರಿಡುವಾಗ ಕಾಟನ್ನನು ಗತಿಸಿ ಎಂಟು ದಶಕಗಳಷ್ಟು ಕಾಲ ಸಂದಿದ್ದಿತು; ಆತನ ರಾಜ್ಯವೂ ಇರಲಿಲ್ಲ, ಆತನ ಮೂಲದ ಅಣೆಯೂ ಬಳಕೆಯಲ್ಲುಳಿಯಲಿಲ್ಲ. ಬೆದರಿಸುವವರೂ ಬಹುಮಾನವೀಯುವವರೂ ಇಲ್ಲದಾಗ ಕೊಟ್ಟ ಗೌರವವು ಸ್ವತಂತ್ರರ ಗೌರವ. ಹೀಗೆ ಕೊಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಕೃಷ್ಣಾನದಿಗೆ ಬೆಜವಾಡದಲ್ಲಿ 1852ರಿಂದ 1855ರವರೆಗೆ ಅಣೆ ಕಟ್ಟಿಸಿದ ಕ್ಯಾಪ್ಟನ್ ಆರ್ ಎಂಬಾತನೂ ಸೈನ್ಯದ ಇಂಜನಿಯರನೇ. ಅಲ್ಲಿನ ಹೊಸ ಕಟ್ಟೆಯು ಮಾತ್ರ ದೇಶಭಕ್ತ ಟಂಗುಟೂರಿ ಪ್ರಕಾಶಂ ಅವರ ಹೆಸರನ್ನು ಧರಿಸಿದೆ. ಎರಡೂ ಅದೇ ಜನರ ಇಚ್ಛೆಯೇ.

ಇನ್ನೂ ಬಲವಾದ ಆಕ್ಷೇಪವೊಂದುಂಟು. ಅಣೆಯನ್ನು ಒಬ್ಬನೇ ಕಟ್ಟಿದನೆ? ಬಿಸಿಲಿನಲ್ಲಿ ಕಲ್ಲು ಹೊತ್ತ ಸಾವಿರಾರು ಕೂಲಿಗಳ ಹೆಸರುಗಳೆಲ್ಲಿ? ಇದಕ್ಕೆ ಸಮರ್ಪಕವಾದ ಸಮಾಧಾನವಿಲ್ಲ. ಒಬ್ಬನ ಹೆಸರನ್ನು ಕೆತ್ತಿದಾಗಲೆಲ್ಲ ಅನೇಕರ ಹೆಸರು ಅಳಿಯುವುದೆಂಬುದು ನಿಜ. ಆದರೆ ಈ ವಿಷಯದಲ್ಲಿ ಕಾಟನ್ನನೇ ಒಂದು ದಾರಿಯನ್ನು ತೋರಿಸಿದ್ದಾನೆ. ಆಳವಾದ ಮರಳಿನ ಮೇಲೆ ಅಡಿಪಾಯವನ್ನು ನಿಲ್ಲಿಸುವ ವಿದ್ಯೆಯನ್ನು ಕಾವೇರಿಯ ಮೇಲಿನ ಪ್ರಾಚೀನ ಕಲ್ಲಣೆಯನ್ನು ಕಟ್ಟಿದವರಿಂದ ಕಲಿತುದಾಗಿ ಆತನು ಮುಚ್ಚುಮರೆಯಿಲ್ಲದೆ ಬರೆದಿಟ್ಟನು. ಗೆದ್ದವರ ಪಂಗಡದವನು ಸೋತವರ ಪೂರ್ವಿಕರಿಗೆ ಸಲ್ಲಿಸಿದ ಋಣಪತ್ರವದು. ತನ್ನ ಹೆಸರಿನ ಹಿಂದೆ ಇತರರಿರುವರೆಂದು ಒಪ್ಪಿದವನ ಹೆಸರು, ಆ ಇತರರನ್ನು ಮರೆಯುವುದಕ್ಕೆ ನೆಪವಾಗಬಾರದು.

ಕನ್ನಡ ನಾಡಿನಲ್ಲಿಯೂ ಇಂತಹ ಹೆಸರೊಂದುಂಟು. ಬೆಂಗಳೂರಿನ ಸ್ಯಾಂಕಿ ಕೆರೆಯ ಏರಿಯ ಮೇಲೆ ಪ್ರತಿದಿನವೂ ಜನರು ನಡೆದಾಡುತ್ತಾರೆ. ರಿಚರ್ಡ್ ಸ್ಯಾಂಕಿ ಎಂಬಾತನು ಅದೇ ಮದ್ರಾಸು ದಳದ ಸೇನಾನಿಯೆಂದೂ ಮೈಸೂರಿನ ಮುಖ್ಯ ಇಂಜನಿಯರನಾಗಿದ್ದನೆಂದೂ ಅವರಲ್ಲಿ ಎಷ್ಟು ಮಂದಿ ನೆನೆಯುವರು? ಗಂಧದಕೋಟಿ ಕೆರೆಯೆಂಬ ಅದರ ಇನ್ನೊಂದು ಹೆಸರೂ ಮರೆಯಾಗುತ್ತಿದೆ. ಅರ್ಥವನ್ನು ಕಳೆದುಕೊಂಡ ಹೆಸರು ಬರಿಯ ವಿಳಾಸವಾಗುವುದು.

ಹಿಂದಿನವರು ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಟ್ಟರು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟವನ್ನೂ ಬಿಟ್ಟರು. ಕಟ್ಟಿದವನ ಗೌರವವೂ ಕಟ್ಟಿದ್ದರ ಪಾಲನೆಯೂ ಅವರಿಗೆ ಒಂದೇ ಕರ್ತವ್ಯದ ಎರಡು ಮುಖಗಳಾಗಿದ್ದುವು. ಹೂಳು ತುಂಬಿದ ಕೆರೆಗೆ ಎಂತಹ ಮಹನೀಯನ ಹೆಸರಿಟ್ಟರೂ ಅದು ಆತನಿಗೆ ಅವಮಾನವೇ. ಹೆಸರು ಪ್ರಶಸ್ತಿಯಲ್ಲ, ಸಾಲದ ಪತ್ರ. ಅದನ್ನು ಓದುವವರೆಲ್ಲರೂ ಸಾಲಗಾರರು. ಆ ಸಾಲವು ಹೂವಿನ ಹಾರದಿಂದ ತೀರತಕ್ಕುದಲ್ಲ. ನೀರನ್ನು ಕಾಪಾಡಿ ಮುಂದಿನವರ ಕೈಗೆ ಒಪ್ಪಿಸಿದಾಗಲೇ ತೀರತಕ್ಕುದು.