ಹಳತಾದ ಸೂಚನೆಯೂ ಸತ್ಯದ ಋಣವೂ

ಬರೆದ ದಿನ ಅಕ್ಷರಶಃ ನಿಜವಾಗಿದ್ದ ಮಾತೊಂದು, ಬರೆದವನು ಅದರಲ್ಲಿ ಒಂದಕ್ಷರವನ್ನೂ ಕದಲಿಸದಿರುವಾಗ, ಲೋಕವೇ ಬದಲಾದ ಕಾರಣದಿಂದ ಸುಳ್ಳಾಗಿ ಪರಿಣಮಿಸಿದರೆ, ಆ ಅನೃತದ ಹೊಣೆ ಯಾರದು? ತ್ರಿಕಾಲದಲ್ಲಿಯೂ ಬಾಧಿತವಾಗದಿರುವುದೇ ಸತ್ಯವೆಂದು ವೇದಾಂತಿಗಳು ಹೇಳಿದ ಲಕ್ಷಣವು ಬ್ರಹ್ಮವಸ್ತುವಿಗೆ ಒಪ್ಪುವುದಲ್ಲದೆ, ಮನುಷ್ಯರು ಮನುಷ್ಯರಿಗಾಗಿ ಬರೆಯುವ ವಿಧಿಗಳಿಗೆ ಒಪ್ಪಲಾರದು. ವ್ಯವಹಾರದ ಸತ್ಯಕ್ಕೆ ಆಯುಷ್ಯವುಂಟು. ಮುಕ್ತ ತಂತ್ರಾಂಶಗಳ ಅನುಸ್ಥಾಪನಾ ಕೈಪಿಡಿಗಳನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಗಣಕದಲ್ಲಿ ಉಬುಂಟು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡು ಕನ್ನಡ ಬರೆಯಲು ಹೊರಟಳೆನ್ನೋಣ. ಆಕೆಗೆ ಸಿಕ್ಕ ಕೈಪಿಡಿ ಸ್ಕಿಮ್ ಎಂಬ ಬರೆಯುವ ಸಲಕರಣೆಯನ್ನು ಹೇಳುತ್ತದೆ, ಆದರೆ ಉಬುಂಟುವಿನ 2009ರ 9.10ನೆಯ ಆವೃತ್ತಿಯಲ್ಲಿಯೇ ಅದರ ಸ್ಥಾನಕ್ಕೆ ಐಬಸ್ ಬಂದಿತು. ಇನ್ನೊಂದು ಕೈಪಿಡಿ ಉಬುಂಟುವಿನ ಯೂನಿಟಿ ಎಂಬ ಪರದೆ ವಿನ್ಯಾಸದಲ್ಲಿ ಇಂಥಲ್ಲಿ ಒತ್ತಬೇಕೆನ್ನುತ್ತದೆ. 2017ರ ಅಕ್ಟೋಬರಿನಲ್ಲಿ ಯೂನಿಟಿ ಹೋಗಿ ಗ್ನೋಮ್ ಬಂದಿತು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವು ಒಳಗೆ ಇದ್ದೇ ಇದೆ, ಅದನ್ನು ಮುಟ್ಟುವ ದಾರಿ ಮಾತ್ರ ಕೈಪಿಡಿ ಹೇಳಿದಲ್ಲಿ ಇಲ್ಲ. ಆಗ ಆಕೆ ಕೈಪಿಡಿಯನ್ನು ಶಂಕಿಸುವುದಿಲ್ಲ, ತನ್ನನ್ನೇ ಶಂಕಿಸುತ್ತಾಳೆ. ಇದು ತನ್ನಂಥವರಿಗೆ ದಕ್ಕುವ ವಿದ್ಯೆಯಲ್ಲವೆಂದು ಕೈಬಿಡುತ್ತಾಳೆ. ಹಳತಾದ ಸೂಚನೆಯ ನಿಜವಾದ ಅಪರಾಧವಿರುವುದು ಇಲ್ಲಿಯೇ ಎಂದು ನಾನು ಬಲವಾಗಿ ನಂಬಿದ್ದೇನೆ: ಅದು ಓದುವವರ ಶ್ರದ್ಧೆಯನ್ನು ಸಾಲವಾಗಿ ಪಡೆದು ಆತ್ಮನಿಂದೆಯಾಗಿ ಹಿಂದಿರುಗಿಸುತ್ತದೆ.

ಇದೇ ಕಡಲತೀರದಲ್ಲಿ ಈ ಋಣವನ್ನು ಅರಿತವರು ಬಹುಕಾಲದಿಂದ ಇದ್ದಾರೆ. ಕಾರವಾರದ ಎದುರಿಗೆ, ದೇವಗಡ ದ್ವೀಪದ ಮೇಲೆ, 1864ರ ದೀಪಸ್ತಂಭವುಂಟು. ಅಂಥದೊಂದು ದೀಪದ ಲಕ್ಷಣ ಬದಲಾದರೆ, ಅಥವಾ ಬಂದರಿನ ಬಾಯಲ್ಲಿ ಆಳ ಕಡಿಮೆಯಾದರೆ, ದೆಹರಾದೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯು ಹದಿನೈದು ದಿನಗಳಿಗೊಮ್ಮೆ ಹೊರಡಿಸುವ ನಾವಿಕ ಸೂಚನೆಯಲ್ಲಿ ಅದು ಪ್ರಕಟವಾಗುತ್ತದೆ. ಕಾಗದದ ನಕಾಶೆಯನ್ನು ಇಟ್ಟುಕೊಂಡ ಹಡಗಿನ ಅಧಿಕಾರಿಯು ಅದನ್ನು ಸ್ವಹಸ್ತದಿಂದ ತಿದ್ದಿ, ಕೆಳಗಿನ ಎಡಮೂಲೆಯಲ್ಲಿ ವರ್ಷವನ್ನೂ ಸೂಚನೆಯ ಸಂಖ್ಯೆಯನ್ನೂ ಬರೆದಿಡುತ್ತಾನೆ. ನಕಾಶೆಯನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ಆ ಮೂಲೆಯೇ ತಿಳಿಸುತ್ತದೆ.

ಶಾಸ್ತ್ರವನ್ನು ತಿದ್ದುವುದು ಅಶ್ರದ್ಧೆಯೆಂದು ಹಿಂಜರಿಯುವವರಿಗೆ ನಮ್ಮ ಜ್ಯೋತಿಷಿಗಳ ಸಂಪ್ರದಾಯವನ್ನು ತೋರಿಸಬೇಕು. ಅಂಕೋಲೆಯ ಮನೆಗಳಲ್ಲಿ ಯುಗಾದಿಗೆ ಹೊಸ ಪಂಚಾಂಗ ಬರುವುದು ಎಲ್ಲರಿಗೂ ಗೊತ್ತು. ಆ ಪಂಚಾಂಗದ ಗಣಿತವೇ ಆಗಾಗ ಸಂಸ್ಕಾರ ಪಡೆದದ್ದೆಂಬುದು ಅಷ್ಟಾಗಿ ಗೊತ್ತಿಲ್ಲ. ಕೊಂಕಣದ ನಂದಿಗ್ರಾಮದ ಗಣೇಶ ದೈವಜ್ಞನು 1520ರ ‘ಗ್ರಹಲಾಘವ’ದಲ್ಲಿ ಯಾವೊಂದು ಸಿದ್ಧಾಂತಕ್ಕೂ ಕುರುಡಾಗಿ ಅಂಟಿಕೊಳ್ಳಲಿಲ್ಲ, ಸೂರ್ಯನ ಗಣಿತವನ್ನು ಸೌರಪಕ್ಷವೆಂಬ ಪಂಥದಿಂದಲೂ ಗುರುವಿನದನ್ನು ಆರ್ಯಪಕ್ಷವೆಂಬ ಪಂಥದಿಂದಲೂ ತೆಗೆದುಕೊಂಡು, ಶನಿಯ ವಿಷಯದಲ್ಲಿ ಆರ್ಯಪಕ್ಷದ ಗಣಿತಕ್ಕೆ 5 ಅಂಶಗಳನ್ನು ಕೂಡಿಸಿದನು, ಏಕೆಂದರೆ ಆಕಾಶದಲ್ಲಿ ಕಂಡದ್ದಕ್ಕೆ ಅದು ಹೊಂದಬೇಕಾಗಿತ್ತು. ಇಂಥ ತಿದ್ದುಪಡಿಗೆ ಬೀಜಸಂಸ್ಕಾರವೆಂದು ಹೆಸರು. ಪೂರ್ವಾಚಾರ್ಯರಲ್ಲಿ ಆತನಿಗೆ ಗೌರವವಿರಲಿಲ್ಲವೆನ್ನಲು ಯಾರಿಗೂ ಬಾಯಿ ಬರಲಾರದು.

ವೇತನವಿಲ್ಲದೆ ಬರೆದವನನ್ನು ಜೀವಮಾನವೆಲ್ಲ ಕಟ್ಟಿಹಾಕುವುದು ನ್ಯಾಯವೇ ಎಂಬ ಆಕ್ಷೇಪವಿದೆ, ಮತ್ತು ಅದು ಹಗುರವಾದುದಲ್ಲ. ದಾನಿಗೂ ಸಂಸಾರವಿದೆ, ದಣಿವಿದೆ. ಆತನಿಂದ ನಾವು ಕೇಳಬಹುದಾದದ್ದು ಇಷ್ಟೇ: ಯಾವ ಮಾತನ್ನೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ನುಡಿಯಬೇಕೆಂದು ಜೈನ ತಾರ್ಕಿಕರು ವಿಧಿಸಿದಂತೆ, ಈ ಸೂಚನೆ ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿಗೆ, ಯಾವ ಯಂತ್ರದಲ್ಲಿ, ಯಾವ ದಿನ ಪರೀಕ್ಷಿಸಿದ್ದು ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಲಿ. ಉಳಿದ ಭಾರ ಓದುಗರದು. ಋಷಿಋಣವನ್ನು ಋಷಿಗೆ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಕಲಿತದ್ದನ್ನು ಮುಂದಿನವರಿಗೆ ಕಲಿಸಿಯೇ ಅದರಿಂದ ಬಿಡುಗಡೆ. ಮುಕ್ತ ತಂತ್ರಾಂಶದ ಕೈಪಿಡಿಯನ್ನು ತಿದ್ದುವ ಅಧಿಕಾರ ಯಾರಿಗೂ ನಿಷಿದ್ಧವಲ್ಲವಾದ್ದರಿಂದ, ಎಡವಿ, ಹುಡುಕಿ, ಕಡೆಗೆ ಐಬಸ್ಸಿನ ದಾರಿಯನ್ನು ಕಂಡುಕೊಂಡ ಆ ವಿದ್ಯಾರ್ಥಿನಿಯೇ ಸ್ಕಿಮ್ಮಿನ ಸಾಲನ್ನು ಅಳಿಸಿ, ಹೊಸ ಕ್ರಮವನ್ನು ಬರೆದು, ತನ್ನ ಆವೃತ್ತಿಯನ್ನೂ ದಿನಾಂಕವನ್ನೂ ಸೇರಿಸಿ ಕಳುಹಿಸಬಹುದು.